ಅರ್ಧ ಧರ್ಮ

ಕೆಲವು ವಿಷಯಗಳನ್ನು ಕುರಿತು ಬರೆಯಹೊರಟರೆ ಲೇಖನಿಗೇ ಸಂಕೋಚವಾಗುತ್ತದೆ. ಬೆಳಗಿನ ಕಾಫಿಯ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು ಈ ಪುಟವನ್ನು ಬಿಡಿಸಿದ ವಾಚಕರು ಶೌಚಾಲಯದ ಮಾತನ್ನು ಕಂಡು ಮುಖ ತಿರುಗಿಸಿದರೆ ಅವರನ್ನು ದೂರಲಾರೆ. ಮೂರು ವರ್ಷಗಳ ಹಿಂದೆ ನಾನೂ ಹಾಗೆಯೇ ಮುಖ ತಿರುಗಿಸಿದವನು. ತಿರುಗಿಸಿದ್ದಷ್ಟೇ ಅಲ್ಲ, ಅದಕ್ಕೊಂದು ಅರ್ಜಿಯನ್ನೂ ಬರೆದುಕೊಟ್ಟವನು.

ಚಾಮರಾಜನಗರದಲ್ಲಿ ನಾನಿರುವ ಬಡಾವಣೆಗೆ ಒಂದು ಸಣ್ಣ ಉದ್ಯಾನವಿದೆ. ನಾಲ್ಕಾರು ಹೊಂಗೆಯ ಮರ, ಒಂದು ಸಂಪಿಗೆ, ಅಡ್ಡಾಡಲು ಕಲ್ಲುಹಾಸಿನ ದಾರಿ, ಮಕ್ಕಳಿಗೆ ಜಾರುಬಂಡೆ. ಅದರ ಒಂದು ಮೂಲೆಯಲ್ಲಿ ಎರಡು ಶೌಚಗೃಹಗಳನ್ನೂ, ಅವುಗಳಿಗೆ ಅಂಟಿದಂತೆ ಮಾಲಿಗೂ ಗುಡಿಸುವವರಿಗೂ ಒಂದು ಕೊಠಡಿಯನ್ನೂ ಕಟ್ಟುವ ಪ್ರಸ್ತಾಪ ಬಂದಿತು. ಬಡಾವಣೆಯ ಹಿರಿಯರೆಲ್ಲ ಸೇರಿ ಅದು ಬೇಡವೆಂದು ತೀರ್ಮಾನಿಸಿದರು. “ಮೇಷ್ಟ್ರೇ, ನೀವು ಕನ್ನಡದವರು. ಚೆನ್ನಾಗಿ ಒಂದು ಅರ್ಜಿ ಬರೆದುಕೊಡಿ” ಎಂದರು. ಬರೆದುಕೊಟ್ಟೆ. ‘ನಾಗರಿಕರ ಪ್ರಶಾಂತ ವಾಯುವಿಹಾರಕ್ಕೆ ಭಂಗ’, ‘ದುರ್ಗಂಧದ ಭೀತಿ’, ‘ಅಪರಿಚಿತರ ಓಡಾಟ’ – ಪದಗಳು ತಾವಾಗಿಯೇ ಬಂದವು. ಅರ್ಜಿ ಗೆದ್ದಿತು, ಕಟ್ಟಡ ಬರಲಿಲ್ಲ. ನನ್ನ ಕನ್ನಡವನ್ನು ನಾಲ್ಕು ಜನ ಹೊಗಳಿದರು.

ಕಳೆದ ಶ್ರಾವಣದಲ್ಲಿ ತಾಯಿಯವರನ್ನು ಹಿಮವದ್ ಗೋಪಾಲಸ್ವಾಮಿಯ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಅವರಿಗೆ ಎಪ್ಪತ್ತನಾಲ್ಕು ವರ್ಷ, ಸಕ್ಕರೆ ಕಾಯಿಲೆ. ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋಗುವಾಗ ರಸ್ತೆಯ ಎರಡು ಬದಿಗೂ ಚೆಂಡುಹೂವಿನ ಹೊಲಗಳು. ತಾಯಿ ಮಗುವಿನಂತೆ ಕಿಟಕಿಗೆ ಮುಖವಿಟ್ಟು ನೋಡಿದರು. ದರ್ಶನ ಮುಗಿಸಿ ಗುಂಡ್ಲುಪೇಟೆಗೆ ಇಳಿದು ಬಂದಾಗ ಮಧ್ಯಾಹ್ನ ಮೂರು ಗಂಟೆ. ನಮ್ಮ ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ನೆರಳಿಗೆಂದು ಒಂದು ಉದ್ಯಾನದಲ್ಲಿ ಕುಳಿತೆವು. ಸ್ವಲ್ಪ ಹೊತ್ತಿಗೆ ತಾಯಿ ಸೆರಗನ್ನು ಬೆರಳಿಗೆ ಸುತ್ತತೊಡಗಿದರು. ಕೇಳಿದರೆ, “ಏನಿಲ್ಲ” ಎಂದರು. ಮತ್ತೊಮ್ಮೆ ಕೇಳಿದ ಮೇಲೆ, ನಲವತ್ತು ದಾಟಿದ ಮಗನಿಗೆ ಹೇಳಲಾರದೆ ಹೇಳಿದರು.

ಉದ್ಯಾನದ ಮೂಲೆಯಲ್ಲಿ ಒಂದು ಕಟ್ಟಡವೇನೋ ಇತ್ತು. ಗೋಡೆಯ ಮೇಲೆ ‘ಮಹಿಳೆಯರು’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು; ಬಾಗಿಲಿಗೆ ಬೀಗ. ಬೀಗದ ಕೈ ಯಾರ ಬಳಿ ಇದೆಯೆಂದು ಅಲ್ಲಿದ್ದ ಯಾರಿಗೂ ತಿಳಿಯದು. ಕೊನೆಗೆ ಎದುರು ಸಾಲಿನ ಒಂದು ಮನೆಯ ಮುಂದೆ ನಿಂತು, ಮನೆಯಾಕೆಯನ್ನು ಕರೆದು, ಕೈಮುಗಿದು ಕೇಳಿದೆ. ಆಕೆ ಒಂದು ಗಳಿಗೆ ನನ್ನ ಮುಖ ನೋಡಿದರು, ಮತ್ತೆ ನನ್ನ ತಾಯಿಯ ಮುಖ ನೋಡಿದರು. “ಬನ್ನಿ ಅಮ್ಮ, ಒಳಗೆ ಬನ್ನಿ” ಎಂದರು. ನಾನು ಬೀದಿಯಲ್ಲಿ ನಿಂತೆ. ‘ಅಪರಿಚಿತರ ಓಡಾಟ’ ಎಂಬ ನನ್ನದೇ ಪದ ಆಗ ನೆನಪಾಯಿತು. ಆ ಬೀದಿಗೆ ಅಪರಿಚಿತೆ ನನ್ನ ತಾಯಿ.

ಬಸ್ಸಿನಲ್ಲಿ ನೀರಿನ ಸೀಸೆಯನ್ನು ಮುಂದೆ ಹಿಡಿದೆ. “ಬ್ಯಾಡ ಕಣಪ್ಪ. ಬೆಳಗಿಂದ ಒಂದೇ ಗುಟುಕು ಕುಡ್ದಿದ್ದು. ಅದ್ಕೇ ಇಷ್ಟು ಫಜೀತಿ ಆಯ್ತು” ಎಂದರು. ಪ್ರಯಾಣದಲ್ಲಿ ಅಮ್ಮನಿಗೆ ಬಾಯಾರಿಕೆಯೇ ಆಗುವುದಿಲ್ಲವೆಂದು ನಾನು ಹುಡುಗನಾಗಿದ್ದಾಗಿನಿಂದ ನಂಬಿದ್ದೆ. ಅದು ಅವರ ದೇಹಪ್ರಕೃತಿಯಲ್ಲ, ಲೆಕ್ಕಾಚಾರ ಎಂಬುದು ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಅಧ್ಯಾಪಕನಾದವನಿಗೆ ಕಷ್ಟ ಬಂದಾಗ ನಿಘಂಟು ನೆನಪಾಗುತ್ತದೆ. ಈ ಕ್ರಿಯೆಗೆ ನಮ್ಮ ಕನ್ನಡದಲ್ಲಿರುವ ಮಾತುಗಳನ್ನು ನೋಡಿ. ‘ಬಹಿರ್ದೆಸೆ’, ‘ಬಯಲ ಕಡೆ’, ‘ಕೆರೆ ಕಡೆ’, ‘ಹೊರಗೆ ಹೋಗುವುದು’ – ಎಲ್ಲವೂ ಊರಾಚೆಗೆ ಬೆರಳು ತೋರಿಸುವ ಮಾತುಗಳೇ. ಅದಕ್ಕೊಂದು ಮನೆ ಕಟ್ಟಬೇಕಾಗಿ ಬಂದಾಗ ಹೆಸರನ್ನು ಪರರಿಂದ ತಂದೆವು. ‘ಪಾಯಖಾನೆ’ ಪಾರಸಿಯದು; ‘ಕಕ್ಕಸು’ ಡಚ್ಚರಿಂದ ಬಂದದ್ದು. ಊರು ಚಿಕ್ಕದಾಗಿ ಬಯಲು ದೊಡ್ಡದಾಗಿದ್ದಾಗ ಇದು ನಡೆಯಿತು. ಆಗಲೂ ಹೆಂಗಸರಿಗೆ ಕತ್ತಲೆಯನ್ನು ಕಾಯುವುದು ತಪ್ಪಿರಲಿಲ್ಲ. ಈಗ ಬಯಲೆಲ್ಲ ನಿವೇಶನಗಳಾಗಿವೆ. ಮಾತು ಮಾತ್ರ ಇನ್ನೂ ಹೊರಗೇ ನಿಂತಿದೆ. ಅದರೊಂದಿಗೆ ನಮ್ಮ ಮನಸ್ಸೂ.

ನಮ್ಮ ಹಿರಿಯರು ದಾರಿಹೋಕರನ್ನು ಮರೆತವರಲ್ಲ. ಕೆರೆ ಕಟ್ಟಿಸಿದರು, ಬಾವಿ ತೋಡಿಸಿದರು, ಸಾಲುಮರ ನೆಡಿಸಿದರು, ಬೇಸಗೆಯಲ್ಲಿ ಅರವಟ್ಟಿಗೆಗಳನ್ನು ಇಟ್ಟರು. ಅಂಥವರನ್ನು ಶಾಸನಗಳು ಹಾಡಿಹೊಗಳಿವೆ. ಆದರೆ ನೀರು ಕುಡಿಸಿದವನಿಗೆ ಪುಣ್ಯವನ್ನು ಬರೆದುಕೊಟ್ಟ ಸಮಾಜ, ಕುಡಿದವನು ಆ ಮೇಲೆ ಎಲ್ಲಿಗೆ ಹೋದನೆಂದು ವಿಚಾರಿಸಲಿಲ್ಲ. ಈ ಅರ್ಧ ಧರ್ಮವನ್ನೇ ನಾವು ಇಂದಿಗೂ ಪಾಲಿಸುತ್ತಿದ್ದೇವೆ. ಉದ್ಯಾನಕ್ಕೆ ಬೆಂಚು, ದೀಪ, ಕುಡಿಯುವ ನೀರಿನ ನಲ್ಲಿ ಎಲ್ಲವನ್ನೂ ಕೇಳಿ ಪಡೆಯುತ್ತೇವೆ. ಇಷ್ಟಕ್ಕೇ ನಿಲ್ಲಿಸಿದ ಉದ್ಯಾನ ಯಾರಿಗಾಗಿ? ಅವಸರವಾದರೆ ಐದು ನಿಮಿಷದಲ್ಲಿ ಮನೆ ಸೇರಬಲ್ಲವರಿಗಾಗಿ. ಅಂದರೆ ನಮಗಾಗಿ. ಹೂ ಮಾರುವವಳು, ಆಸ್ಪತ್ರೆಗೋ ಕಚೇರಿಗೋ ಹಳ್ಳಿಯಿಂದ ಬಂದು ನೆರಳಿಗೆ ಕುಳಿತವರು, ಬಸುರಿ ಹೆಂಗಸು, ಮುದುಕರು – ಇವರು ಬರಬಾರದೆಂದು ನಾವು ಎಲ್ಲಿಯೂ ಹಲಗೆ ಹಾಕಿಲ್ಲ. ಹಾಕುವ ಅಗತ್ಯವೂ ಇಲ್ಲ. ಒಂದು ಕಟ್ಟಡವನ್ನು ಕಟ್ಟದೆ ಬಿಟ್ಟರೆ ಸಾಕು.

“ಗುಂಡ್ಲುಪೇಟೆಯ ಆ ಮನೆಯಾಕೆಯಂತಹ ಒಳ್ಳೆಯವರಿದ್ದಾರಲ್ಲ” ಎಂದು ನೀವು ಕೇಳಬಹುದು. ಇದ್ದಾರೆ, ಆಕೆಗೆ ನಾನು ಋಣಿ. ಆದರೆ ಆ ದಿನ ನನ್ನ ತಾಯಿಯನ್ನು ಬಾಧಿಸಿದ್ದು ದೇಹದ ತೊಂದರೆಗಿಂತ ಹೆಚ್ಚಾಗಿ ಕೇಳಬೇಕಾಗಿ ಬಂದ ನಾಚಿಕೆ. ಅನ್ನವನ್ನು ಬೇಡಿದವರಿಗೂ ನಮ್ಮಲ್ಲಿ ಒಂದು ಗೌರವವಿದೆ, ಭಿಕ್ಷೆಗೆ ಒಂದು ಪರಂಪರೆಯಿದೆ. ಇದನ್ನು ಬೇಡುವವರಿಗೆ ಯಾವ ಪರಂಪರೆಯೂ ಇಲ್ಲ. ದಯೆ ಎಷ್ಟೇ ದೊಡ್ಡದಾದರೂ ಅದರ ಬಾಗಿಲನ್ನು ತಟ್ಟಬೇಕು. ‘ಸಾರ್ವಜನಿಕ’ ಎಂಬ ಮಾತಿಗೆ ನನಗೀಗ ಹೊಳೆಯುವ ಅರ್ಥ ಇಷ್ಟೇ: ಯಾರ ಮುಖವನ್ನೂ ನೋಡದೆ, ಯಾರನ್ನೂ ಕೇಳದೆ ಸಿಗುವಂಥದ್ದು. ಇದನ್ನು ಮರೆತವರು ನಾವಷ್ಟೇ ಅಲ್ಲ. ದೇಶದ ಎಲ್ಲ ನ್ಯಾಯಾಲಯಗಳಲ್ಲೂ ಪುರುಷರಿಗೆ, ಮಹಿಳೆಯರಿಗೆ, ಅಂಗವಿಕಲರಿಗೆ, ಲಿಂಗಪರಿವರ್ತಿತರಿಗೆ ಶೌಚಾಲಯಗಳಿರಬೇಕೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಬೇಕಾಯಿತು. ನ್ಯಾಯ ಕೇಳಲು ಬಂದವರಿಗೂ ಇದು ಸಿಗುತ್ತಿರಲಿಲ್ಲವೆಂದಾಯಿತು.

ಇನ್ನು ದುರ್ಗಂಧದ ಮಾತು. ಅದು ಸುಳ್ಳು ಭಯವಲ್ಲ. ನಿರ್ವಹಣೆಯಿಲ್ಲದ ಶೌಚಾಲಯ ಇಲ್ಲದಿರುವುದಕ್ಕಿಂತ ಕೆಟ್ಟದ್ದೆಂದು ನಾನೂ ಒಪ್ಪುತ್ತೇನೆ. ಆದರೆ ಅದು ನಾರುವುದು ಏಕೆ? ನೀರಿಲ್ಲದೆ, ನೋಡಿಕೊಳ್ಳುವ ಮನುಷ್ಯನಿಲ್ಲದೆ. ಬಿಂದೇಶ್ವರ ಪಾಠಕರ ಸುಲಭ್ ಸಂಸ್ಥೆ 1974ರಲ್ಲಿ ಪಾಟ್ನಾದಲ್ಲಿ ಹಣ ಕೊಟ್ಟು ಬಳಸುವ ಶೌಚಾಲಯವನ್ನು ತೆರೆಯಿತು. ಅಂಥ ಕಡೆಗಳಲ್ಲಿ ನಡೆಯುವ ಉಪಾಯದಲ್ಲಿ ಗುಟ್ಟೇನೂ ಇಲ್ಲ. ಬಾಗಿಲಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ನಾಣ್ಯ ಕೊಟ್ಟು ಒಳಗೆ ಹೋಗುವವರು ಬೇಡಿ ಹೋಗುವುದಿಲ್ಲ. ನಾಣ್ಯವೂ ಇಲ್ಲದವರಿಗೆ ಬಾಗಿಲು ಹಾಗೆಯೇ ತೆರೆದಿರಬೇಕು.

ಆದರೆ ಆ ಮನುಷ್ಯನಿಗೆ ಸ್ಥಳವೆಲ್ಲಿ? ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ ನಾನು ಬಾಡಿಗೆಗಿದ್ದ ಹಳೆಯ ಮನೆಯ ಹಿಂದೆ ಒಂದು ಕನ್ಸರ್ವೆನ್ಸಿ ಗಲ್ಲಿಯಿತ್ತು. ಮನೆಯ ಮುಂದೆ ರಂಗೋಲಿ, ತುಳಸಿ. ಹಿಂದೆ, ಒಂದು ಕಾಲದಲ್ಲಿ ಮಲ ಹೊರುವವರು ಯಾರ ಕಣ್ಣಿಗೂ ಬೀಳದೆ ಬಂದು ಹೋಗುತ್ತಿದ್ದ ದಾರಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಿಲ್ಲಿಸಹೊರಟರು, ಕೇಂದ್ರದ ಕಾಯಿದೆ 1993ರಲ್ಲಿ ಬಂದಿತು, 2013ರಲ್ಲಿ ಇನ್ನೊಂದು. ಕಾಯಿದೆ ಗಲ್ಲಿಯನ್ನು ಮುಚ್ಚಬಲ್ಲುದು. ಶುಚಿ ಬೇಕು, ಶುಚಿ ಮಾಡುವವರು ಕಣ್ಣಿಗೆ ಬೀಳಬಾರದು ಎಂಬ ನಮ್ಮೊಳಗಿನ ಗಲ್ಲಿಯನ್ನು ಅದು ಹೇಗೆ ಮುಚ್ಚೀತು?

ಇದನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಉದ್ಯಾನವನ್ನು ಗುಡಿಸುವಾಕೆ ಬೆಳಗ್ಗೆ ಆರಕ್ಕೆ ಬಂದು ಮಧ್ಯಾಹ್ನದವರೆಗೆ ಇರುತ್ತಾಳೆ. ಬುತ್ತಿಯ ಚೀಲ ಹೊಂಗೆಯ ಕೊಂಬೆಯಲ್ಲಿ, ಪೊರಕೆ ಪೊದೆಯ ಹಿಂದೆ. ಮಳೆ ಬಂದರೆ ಯಾರದಾದರೂ ಗೇಟಿನ ಮಗ್ಗುಲಲ್ಲಿ ನಿಲ್ಲುತ್ತಾಳೆ. ನನ್ನ ಹೆಂಡತಿ ಎಷ್ಟೋ ಸಲ ಮಜ್ಜಿಗೆ ಕೊಡಹೋಗಿದ್ದಾಳೆ. “ಬ್ಯಾಡ ಕಣಕ್ಕ” ಎನ್ನುವುದೇ ಉತ್ತರ. ಎಂಥ ಸ್ವಾಭಿಮಾನಿ ಎಂದು ನಾವು ಮೆಚ್ಚಿಕೊಂಡಿದ್ದೆವು. ಗುಂಡ್ಲುಪೇಟೆಯಿಂದ ಬಂದ ಮರುದಿನ ಬೆಳಗ್ಗೆ ಆ ಉತ್ತರವನ್ನು ಕೇಳಿದಾಗ ನನಗೆ ಬೇರೆಯೇ ಅರ್ಥವಾಯಿತು. ನಮ್ಮ ಮನೆಯೊಳಗೆ ಬರಬಹುದೆಂದು ಆಕೆಗೆ ನಾವು ಎಂದೂ ಹೇಳಿರಲಿಲ್ಲ. ಹೇಳಿದ್ದರೂ, ದಿನವೂ ಕೇಳಿ ಬರುವುದು ಆಕೆಗೆ ಸಾಧ್ಯವಾಗುತ್ತಿತ್ತೇ? ಆಕೆಗೆಂದೇ ಏಳಬೇಕಾಗಿದ್ದ ಕೊಠಡಿಯನ್ನು ನಾನು ಒಳ್ಳೆಯ ಕನ್ನಡದಲ್ಲಿ ತಡೆದಿದ್ದೆ.

ಈಗ ಇನ್ನೊಂದು ಅರ್ಜಿ ಬರೆಯುತ್ತಿದ್ದೇನೆ. ಎರಡು ಶೌಚಗೃಹ, ನೀರಿನ ತೊಟ್ಟಿ, ಬಾಗಿಲಲ್ಲಿ ಸಂಬಳದ ಮೇಲೆ ಒಬ್ಬರು. ಜೊತೆಗೆ ಕೆಲಸಗಾರರಿಗೆ ಕೊಠಡಿ, ಅದರಲ್ಲಿ ಬೆಂಚು, ಗೂಡು, ಕುಡಿಯುವ ನೀರು. ರುಜು ಕೇಳಲು ಹೋದರೆ ನೆರೆಯವರು ಅಲ್ಲಗಳೆಯಲಿಲ್ಲ. “ಆಗಲಿ ಮೇಷ್ಟ್ರೇ, ಆದರೆ ನಮ್ಮ ಮನೆಯ ಕಡೆ ಬೇಡ” ಎಂದು ಪ್ರತಿಯೊಬ್ಬರೂ ಹೇಳಿದರು. ಎಲ್ಲರ ಮನೆಯನ್ನೂ ಬಿಟ್ಟಮೇಲೆ ಉಳಿಯುವುದು ಉದ್ಯಾನದ ಈಶಾನ್ಯ ಮೂಲೆ. ಅದರ ಎದುರಿಗಿರುವುದು ನಮ್ಮ ಮನೆ. ವಾಸ್ತು ಬಲ್ಲವರೊಬ್ಬರು ಆ ದಿಕ್ಕಿನಲ್ಲಿ ಕೂಡದೆಂದು ಎಚ್ಚರಿಸಿದ್ದಾರೆ. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಸ್ಥಳವನ್ನು ನಮೂದಿಸುವ ಸಾಲಿಗೆ ಬಂದಾಗ ನನ್ನ ಲೇಖನಿಯೂ ನಿಂತಿತೆಂದು ಒಪ್ಪಿಕೊಳ್ಳುತ್ತೇನೆ. ತಾಯಿ ಪಕ್ಕದಲ್ಲಿ ಕುಳಿತು ಹೂ ಕಟ್ಟುತ್ತಿದ್ದರು. “ಏನು ಬರೀತಿದ್ದೀಯಪ್ಪ?” ಎಂದು ಕೇಳಿದರು. ಹೇಳಿದೆ. ಅವರು ಏನೂ ಅನ್ನಲಿಲ್ಲ. ಆ ಸಾಲನ್ನು ಬರೆದು ಮೊದಲ ರುಜುವನ್ನು ನಾನೇ ಹಾಕಿದೆ.