ಮಲಗುವಾಗಿನ ಧ್ಯಾನ: ಕನಸಿನಲ್ಲೂ ಅರಿವಿರಲಿ



ಗುಡ್ಡ ಹತ್ತಿ ದರ್ಶನಕ್ಕೆ ಬರುವವರಲ್ಲಿ ಹಲವರು ಕಚೇರಿಯಲ್ಲಿ ರಸೀದಿ ಮಾಡಿಸುವಾಗ ಒಂದು ಮಾತು ಹೇಳುತ್ತಾರೆ: “ಕೆಟ್ಟ ಕನಸು ಬಿತ್ರಿ, ಮನಸ್ಸಿಗೆ ಸಮಾಧಾನ ಇಲ್ರಿ.” ಹಾವು ಕಂಡವರು, ತೀರಿಕೊಂಡವರನ್ನು ಕಂಡವರು, ಯಾರೋ ಬೆನ್ನಟ್ಟಿದರೆಂದು ಬೆವೆತು ಎದ್ದವರು. ಅಂಥವರಿಗಾಗಿ ಈ ನಾಲ್ಕು ಮಾತು.

ಕನಸನ್ನು ನಮ್ಮ ಹಿರಿಯರು ಹಗುರ ಮಾಡಲಿಲ್ಲ. ಮಾಂಡೂಕ್ಯ ಉಪನಿಷತ್ತು ಕೇವಲ 12 ಮಂತ್ರಗಳಲ್ಲಿ ಎಚ್ಚರ, ಕನಸು, ಗಾಢನಿದ್ರೆ ಮತ್ತು ಇವು ಮೂರನ್ನೂ ಮೀರಿದ ತುರೀಯವನ್ನು ಹೇಳುತ್ತದೆ. ಕನಸು, ನಿದ್ರೆಗಳ ಅರಿವನ್ನೇ ಧ್ಯಾನಕ್ಕೆ ಆಸರೆ ಮಾಡಿಕೊಳ್ಳಬಹುದೆಂದು ಪತಂಜಲಿ ಮುನಿಗಳು ಯೋಗಸೂತ್ರದಲ್ಲಿ ಹೇಳಿದ್ದಾರೆ.

ದೂರ ಯಾಕೆ, ನಮ್ಮ ಹುನಗುಂದ ಸೀಮೆಯ ಕೂಡಲಸಂಗಮವನ್ನೇ ನೋಡ್ರಿ. ಹರಿಹರ ಕವಿಯ ಬಸವರಾಜದೇವರ ರಗಳೆಯಲ್ಲಿ ಸಂಗಮನಾಥನು ಬಸವಣ್ಣನವರ ಕನಸಿಗೆ ಬಂದು ಮಂಗಳವಾಡಕ್ಕೆ ಹೋಗೆಂದು ಹೇಳುತ್ತಾನೆ. ಸಂಗಯ್ಯನನ್ನು ಬಿಟ್ಟು ಹೇಗೆ ಹೋಗಲೆಂದು ಅವರು ದುಃಖಿಸಿದರು. ಆದರೂ ಎದ್ದು ತಮ್ಮ ಕೆಲಸಕ್ಕೆ ನಡೆದರು. ಹಗಲೆಲ್ಲ ಪೂಜೆಯಲ್ಲಿದ್ದವರ ಕನಸಿಗೆ ಸಂಗಯ್ಯ ಬಂದ. ಹಗಲೆಲ್ಲ ಸಿಟ್ಟು, ಸಾಲ, ಹೊಟ್ಟೆಕಿಚ್ಚಿನಲ್ಲಿ ಇದ್ದರೆ ನಮ್ಮ ಕನಸಿಗೆ ಯಾರು ಬರಬೇಕು?

ಇಳಕಲ್ ಸೀರೆ ನೇಯುವವರು ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ ಮಾಡಿ, ಕೊಂಡಿಗೆ ಕೊಂಡಿ ಕೂಡಿಸುತ್ತಾರೆ. ಎಚ್ಚರ ಒಡಲಾದರೆ ನಿದ್ದೆ ಸೆರಗು. ಕೊಂಡಿ ಹಾಕುವ ಹೊತ್ತು ಯಾವುದೆಂದರೆ ಮಲಗುವ ಹೊತ್ತು. ಕ್ರಮ ಹೀಗಿದೆ:

1. ಟಿ.ವಿ., ಮೊಬೈಲ್ ಬದಿಗಿಟ್ಟು, ಕೈಕಾಲು ಮುಖ ತೊಳೆದು ಹಾಸಿಗೆಯ ಮೇಲೆ ಕೂಡಿರಿ. ದಿನದಲ್ಲಿ ಯಾರಿಗಾದರೂ ನೋವು ಮಾಡಿದ್ದರೆ ನೆನೆದು, ನಾಳೆ ಸರಿಪಡಿಸುವೆನೆಂದು ಮನಸ್ಸು ಮಾಡಿರಿ.

2. ಮಲಗಿ, ಉಸಿರಿನ ಜೊತೆ ನಿಮ್ಮ ಇಷ್ಟದೇವರ ನಾಮ ನೆನೆಯಿರಿ. “ಕನಸು ಬಿದ್ದರೆ, ಇದು ಕನಸೆಂದು ಅರಿಯುತ್ತೇನೆ” ಎಂದು ಮೂರು ಸಲ ಅಂದುಕೊಳ್ಳಿರಿ. ನಿದ್ದೆ ಹತ್ತಿದರೆ ಹತ್ತಲಿ, ತಡೆಯಬೇಡಿರಿ.

3. ಎಚ್ಚರಾದ ಕೂಡಲೇ ಅಲುಗಾಡದೆ ಕಂಡ ಕನಸನ್ನು ನೆನೆಯಿರಿ.

4. ಹಗಲಿನಲ್ಲಿಯೂ ಐದಾರು ಸಲ ನಿಂತು, “ಈಗ ನಾನು ಎಚ್ಚರ ಇದ್ದೇನೋ, ಕನಸಿನಲ್ಲಿದ್ದೇನೋ” ಎಂದು ಕೇಳಿಕೊಳ್ಳಿರಿ. ಈ ರೂಢಿಯೇ ಕನಸಿನೊಳಗೂ ಬರುತ್ತದೆ.

ನಿದ್ದೆ ಸುಮಾರು ಒಂದೂವರೆ ತಾಸಿನ ಸುತ್ತುಗಳಲ್ಲಿ ನಡೆಯುತ್ತದೆ. ಬೆಳಗಿನ ಜಾವಕ್ಕೆ ಕನಸಿನ ಹೊತ್ತು ಉದ್ದವಾಗುತ್ತದೆ. ಆದ್ದರಿಂದಲೇ ಆಗಿನ ಕನಸು ನೆನಪಿನಲ್ಲಿ ಉಳಿಯುವುದು, ಅರಿವು ಮೂಡುವುದೂ ಹೆಚ್ಚಾಗಿ ಆಗಲೇ. ಇದು ಬರಿಯ ಮಾತಲ್ಲ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ, ನಿದ್ದೆಯಲ್ಲಿದ್ದ ವ್ಯಕ್ತಿ ಕನಸಿನೊಳಗಿಂದಲೇ ಮೊದಲೇ ಗೊತ್ತು ಮಾಡಿಕೊಂಡಂತೆ ಕಣ್ಣುಗುಡ್ಡೆ ಹೊರಳಿಸಿ ಸನ್ನೆ ಮಾಡಿದ್ದನ್ನು ಯಂತ್ರದಲ್ಲಿ ದಾಖಲಿಸಿದ್ದಾರೆ.

ಅರಿವು ಬಂತೆಂದರೆ ಹಾರಾಡುವ ಆಸೆ ಬೇಡ. ಬೆನ್ನಟ್ಟುವುದನ್ನು ತಿರುಗಿ ನೋಡಿ, ನಾಮ ಹಿಡಿಯಿರಿ. ಬಾದಾಮಿಯ ಮೂರನೆಯ ಗುಹೆಗೆ ಹೋದವರು ನೋಡಿರಬೇಕು. 578ರಲ್ಲಿ ಕಡೆದ ಆ ಗುಡಿಯಲ್ಲಿ ವಿಷ್ಣು ಹಾವಿನ ಸುರುಳಿಯ ಮೇಲೆ ಆರಾಮಾಗಿ ಕೂತಿದ್ದಾನೆ. ಅಂಜಿಕೆ ಹೋದವನಿಗೆ ಹಾವೇ ಆಸನ.

ಎರಡು ಎಚ್ಚರಿಕೆ. ಮನಸ್ಸಿನ ಬೇನೆಗೆ ಔಷಧ ತೊಗೊಳ್ಳುವವರು ಡಾಕ್ಟರರನ್ನು ಕೇಳದೆ ಈ ಅಭ್ಯಾಸ ಮಾಡಬಾರದು. ಯಾರೂ ಇದಕ್ಕಾಗಿ ನಿದ್ದೆಗೆಡಬಾರದು. ಎರಡನೆಯದು, ಕನಸಿಗೆ ಅಂಜಿ ಸಾಲ ಮಾಡಿ ಹರಕೆ ಹೊರಬೇಡಿರಿ. ಸಾಲದ ಬೆಳ್ಳಿ ದೇವರಿಗೆ ಬೇಕಾಗಿಲ್ಲ. ಒಂದು ಪತ್ರಿ, ಒಂದು ನಮಸ್ಕಾರ ಸಾಕು.

ಇದು ಒಂದು ವಾರದಲ್ಲಿ ಆಗುವ ಮಾತಲ್ಲ, ತಿಂಗಳುಗಟ್ಟಲೆ ಹಿಡಿಯಬಹುದು. ಆದರೆ ಕನಸಿನಲ್ಲಿ “ಇದು ಕನಸು” ಎಂದು ತಿಳಿದವನು, ಹಗಲಿನಲ್ಲಿ ಸಿಟ್ಟು ಬಂದಾಗಲೂ “ಇದು ಬಂದು ಹೋಗುವಂಥದು” ಎಂದು ತಿಳಿಯುತ್ತಾನೆ. ಮನೆಯಲ್ಲಿ ಒಂದು ಜಗಳ ಕಡಿಮೆಯಾದರೂ ಅಭ್ಯಾಸ ಫಲಿಸಿತೆಂದೇ ತಿಳಿಯಿರಿ.

ಸರ್ವರಿಗೂ ಸುಖನಿದ್ರೆ, ಸದಾ ಎಚ್ಚರ ಇರಲಿ. ಸನ್ಮಂಗಳವಾಗಲಿ.