ಜ್ವರಕ್ಕೆ ದಂಡ ಯಾರು ಕಟ್ಟಬೇಕು?

ನನ್ನ ಹತ್ತಿರ ಒಂದು ರಸೀದಿ ಉಂಟು. ಪುತ್ತೂರಿನ ಒಂದು ಕಲ್ಯಾಣ ಮಂಟಪದ್ದು. ಮಂಟಪದ ಹೆಸರು ಇಲ್ಲಿ ಬೇಡ. ಮೇಲೆ ಗಣಪತಿಯ ಚಿತ್ರ, ನಡುವೆ ಇಪ್ಪತ್ತು ಸಾವಿರ ರೂಪಾಯಿ ಮುಂಗಡ ಕೊಟ್ಟ ಲೆಕ್ಕ, ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಮಾತು: ಯಾವುದೇ ಕಾರಣಕ್ಕೂ ಮುಂಗಡ ಹಣವನ್ನು ಹಿಂತಿರುಗಿಸಲಾಗುವುದಿಲ್ಲ. ಯಾವುದೇ ಕಾರಣಕ್ಕೂ! ಸಾವು, ಜ್ವರ, ನೆರೆ, ಬೆಂಕಿ ಎಲ್ಲವೂ ಆ ಎರಡು ಶಬ್ದಗಳ ಹೊಟ್ಟೆಯೊಳಗೆ ಹೋಗಿ ಕೂತಿವೆ.

ತಂಗಿಯ ಮದುವೆಗೆ ಒಂಬತ್ತು ದಿನ ಇರುವಾಗ ಅಮ್ಮನಿಗೆ ಜ್ವರ ಬಂತು. ಅಮ್ಮ ಕಡಬದ ಕಡೆಯ ಒಂದು ಅಡಿಕೆ ತೋಟದಲ್ಲಿ ಕೆಲಸ ಮಾಡುವವಳು. ಎರಡು ದಿನ ಮಾತ್ರೆ ನುಂಗಿ ತೋಟಕ್ಕೆ ಹೋದಳು. ಮೂರನೆಯ ದಿನ ಕಣ್ಣು ಹಳದಿಯಾಯಿತು. ಸುಳ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇಲಿಜ್ವರ, ಮೂತ್ರಪಿಂಡಕ್ಕೆ ಏರಿದೆ, ಎಷ್ಟು ದಿನವಾಗುತ್ತದೋ ಹೇಳ್ಲಿಕ್ಕೆ ಆಗುವುದಿಲ್ಲ ಎಂದರು ಡಾಕ್ಟರು. ಹೆತ್ತವಳು ಹಾಸಿಗೆಯಲ್ಲಿ ಬಿದ್ದಿರುವಾಗ ಮಗಳಿಗೆ ಧಾರೆ ಎರೆಯುವುದುಂಟೆ? ಮದುವೆ ಮುಂದಕ್ಕೆ ಹಾಕಿದೆವು.

ಮಂಟಪಕ್ಕೆ ಹೋಗಿ ಹೇಳಿದೆ. ಮ್ಯಾನೇಜರು ಕನಿಕರದಿಂದಲೇ ಕೇಳಿದರು. ಕೇಳಿ ರಸೀದಿಯ ಕೆಳಗಿನ ಸಾಲನ್ನು ಬೆರಳಿಟ್ಟು ತೋರಿಸಿದರು. 'ಎಂತ ಮಾಡುದು ಮಾರಾಯ್ರೆ, ರೂಲ್ಸ್ ಅಂದ್ರೆ ರೂಲ್ಸ್.' ಬೇರೆ ದಿನ ಕೊಡಿ ಎಂದೆ. ಹೊಸ ದಿನಕ್ಕೆ ಹೊಸ ಮುಂಗಡ ಎಂದರು. ನಮ್ಮ ಮದುವೆ ಆಗಬೇಕಿದ್ದ ದಿನ ಅದೇ ಮಂಟಪದಲ್ಲಿ ಇನ್ನೊಬ್ಬರ ಮದುವೆ ನಡೆಯಿತು. ಆ ದಿನದ ಬಾಡಿಗೆ ಅವರಿಂದ ಪೂರ್ತಿ ಬಂತು. ನಮ್ಮ ಇಪ್ಪತ್ತು ಸಾವಿರ ಅದರ ಮೇಲಿನ ಬೆಲ್ಲ.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಾಯಿಲೆ ಬಿದ್ದವನಿಂದ ರದ್ದತಿಯ ದಂಡ ವಸೂಲಿ ಮಾಡುವುದು ನ್ಯಾಯವೆ?

ಎದುರಾಳಿಯ ಮಾತನ್ನು ಮೊದಲು ಕೇಳೋಣ. ಮಂಟಪ ಕಟ್ಟಿದವನು ಬ್ಯಾಂಕಿನ ಸಾಲ ತೀರಿಸಬೇಕು. ವರ್ಷದಲ್ಲಿ ಮುಹೂರ್ತದ ದಿನಗಳು ಬೆರಳೆಣಿಕೆ. ಒಂದು ದಿನ ಖಾಲಿ ಹೋದರೆ ಅದು ಮತ್ತೆ ಬಾರದು. ಜ್ವರ ಅಂದರೆ ದುಡ್ಡು ವಾಪಸು ಎಂದಾದರೆ ನಾಳೆ ಎಲ್ಲರಿಗೂ ಜ್ವರ ಬರುತ್ತದೆ. ಸರ್ಟಿಫಿಕೇಟು ಬರೆದುಕೊಡುವವರೂ ಇದ್ದಾರೆ. ಈ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳುವುದಿಲ್ಲ. ನಂಬಿ ಕಾದವನಿಗೆ ನಷ್ಟವಾದರೆ ಆ ನಷ್ಟವೂ ನಷ್ಟವೇ.

ಆದರೆ ನಷ್ಟ ಬೇರೆ, ದಂಡ ಬೇರೆ. ನಮ್ಮ ಅಡುಗೆಯವರು ಈ ವ್ಯತ್ಯಾಸವನ್ನು ಒಂದೇ ಮಾತಿನಲ್ಲಿ ಹೇಳಿದರು. ಅವರಿಗೂ ಮುಂಗಡ ಕೊಟ್ಟಿದ್ದೆ. ಫೋನ್ ಮಾಡಿದಾಗ, 'ಆ ದಿನಕ್ಕೆ ನನಗೆ ಬೇರೆ ಕೆಲಸ ಸಿಕ್ಕಿದ್ರೆ ಪೂರ್ತಿ ವಾಪಸ್ ಕೊಡ್ತೇನೆ, ಸಿಗದಿದ್ರೆ ಅರ್ಧ' ಎಂದರು. ಸಿಗಲಿಲ್ಲ. ಅರ್ಧ ಕೊಟ್ಟರು. ನನಗೆ ಸಂಕಟವಾಗಲಿಲ್ಲ. ಅವರ ಒಲೆ ಆ ದಿನ ಉರಿಯಲಿಲ್ಲ, ನನ್ನ ಅಮ್ಮ ಏಳಲಿಲ್ಲ. ಇಬ್ಬರ ಕಷ್ಟವನ್ನೂ ನಡುವೆ ಇಟ್ಟು ಹಂಚಿಕೊಂಡೆವು.

ದೇಶದ ಕಾನೂನೂ ಈ ಅಡುಗೆಯವರಿಗಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ. ೧೮೭೨ರ ಕರಾರು ಕಾಯ್ದೆಯ ೭೪ನೆಯ ಕಲಮಿನ ಪ್ರಕಾರ, ಕರಾರು ಮುರಿದರೆ ಇಷ್ಟು ಕೊಡಬೇಕೆಂದು ಕಾಗದದಲ್ಲಿ ಬರೆದಿದ್ದರೂ ಸಿಗಬೇಕಾದದ್ದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಗರಿಷ್ಠ ಮಿತಿ. ೧೯೬೯ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಮೌಲಾ ಬಕ್ಸ್ ಎಂಬವರ ಮೊಕದ್ದಮೆ ಬಂತು. ಅವರು ಸೈನ್ಯಕ್ಕೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಒದಗಿಸಲು ಒಪ್ಪಿದ್ದ ಗುತ್ತಿಗೆದಾರರು. ಒದಗಿಸಲು ಆಗಲಿಲ್ಲವೆಂದು ಸರಕಾರ ಅವರ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಂಡಿತ್ತು. ನಷ್ಟವನ್ನು ಲೆಕ್ಕ ಹಾಕಿ ತೋರಿಸಲು ಸಾಧ್ಯವಿರುವಾಗ ತೋರಿಸಬೇಕು, ತೋರಿಸದೆ ಠೇವಣಿ ನುಂಗುವಂತಿಲ್ಲ ಎಂದಿತು ಕೋರ್ಟು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ನಷ್ಟಕ್ಕೆ ಮೀರಿದ ದಂಡ ಹಾಕುವ ಕರಾರನ್ನು ಅನ್ಯಾಯದ ಕರಾರೆಂದು ಕರೆಯುತ್ತದೆ.

ಇದೆಲ್ಲ ಪುಸ್ತಕದಲ್ಲಿ ಉಂಟು. ಆದರೆ ಇಪ್ಪತ್ತು ಸಾವಿರಕ್ಕಾಗಿ ಕೋರ್ಟಿಗೆ ಅಲೆಯಲು ಆಸ್ಪತ್ರೆಯ ಬಾಗಿಲಲ್ಲಿ ಕೂತವನಿಗೆ ಪುರುಸೊತ್ತೆಲ್ಲಿ? ಆ ಸಣ್ಣ ಅಕ್ಷರದ ಧೈರ್ಯ ಇರುವುದೇ ಇಲ್ಲಿ. ಸರಕಾರದ ರೈಲಿನಲ್ಲೂ ಇದೇ ಕತೆ. ೨೦೧೫ರ ನವೆಂಬರಿನಲ್ಲಿ ಸ್ಲೀಪರ್ ಟಿಕೆಟಿನ ಕನಿಷ್ಠ ರದ್ದತಿ ಶುಲ್ಕವನ್ನು ೬೦ ರೂಪಾಯಿಯಿಂದ ೧೨೦ಕ್ಕೆ ಏರಿಸಿದರು. ಕಬಕ ಪುತ್ತೂರು ಸ್ಟೇಷನ್ನಿನಲ್ಲಿ ಜ್ವರದವನೊಬ್ಬ ಬಿಟ್ಟುಕೊಟ್ಟ ಜಾಗದಲ್ಲಿ ವೇಟಿಂಗ್ ಲಿಸ್ಟಿನವನೊಬ್ಬ ಮಲಗಿ ಹೋಗುತ್ತಾನೆ. ಅವನೂ ಪೂರ್ತಿ ದುಡ್ಡು ಕೊಟ್ಟವನೇ. ಹಾಗಾದರೆ ಜ್ವರದವನು ಕಟ್ಟಿದ್ದು ಯಾವ ನಷ್ಟಕ್ಕೆ?

ಇಷ್ಟು ಬರೆದು ನಿಲ್ಲಿಸಿದರೆ ನಾನು ಒಳ್ಳೆಯವನಾಗಿ ಉಳಿಯುತ್ತೇನೆ. ಆದರೆ ಕತೆ ಮುಗಿದಿಲ್ಲ.

ಅಮ್ಮ ಸ್ವಲ್ಪ ಚೇತರಿಸಿಕೊಂಡ ಮೇಲೆ ಒಬ್ಬ ಹೆಂಗಸು ನಾಲ್ಕು ಬಾಳೆಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದಳು. ಮದುವೆಯಲ್ಲಿ ಪಾತ್ರೆ ತೊಳೆಯಲು, ಎಲೆ ತೆಗೆಯಲು ಅವಳೂ ಇನ್ನು ನಾಲ್ವರೂ ಬರಬೇಕಿತ್ತು. ಆ ದಿನವನ್ನು ನಮಗೆಂದು ಇಟ್ಟುಕೊಂಡು, ಬೇರೆ ಕಡೆಯ ಕೆಲಸ ಬೇಡ ಅಂದಿದ್ದರು. ಬೆಳಗ್ಗಿನ ಮೊದಲ ಬಸ್ಸಿಗೆ ಸುಳ್ಯದ ಕಡೆಯಿಂದ ಪುತ್ತೂರಿಗೆ ಬಂದರು. ಮಂಟಪದ ಬಾಗಿಲಲ್ಲಿ ಬೇರೆ ಯಾರದೋ ಹೆಸರು. ಒಳಗೆ ಬೇರೆಯವರು ಪಾತ್ರೆ ತೊಳೆಯುತ್ತಿದ್ದರು. ಸ್ವಲ್ಪ ಹೊತ್ತು ನಿಂತು, ತಿರುಗಿ ಬಸ್ಸು ಹತ್ತಿದರು. ಅವಳು ಇದನ್ನು ದೂರಾಗಿ ಹೇಳಲಿಲ್ಲ. 'ನಿಮಗೆ ಹುಷಾರಿಲ್ಲಾಂತ ಗೊತ್ತಿದ್ರೆ ಅಲ್ಲಿಗೆ ಹೋಗ್ತಿರ್ಲಿಲ್ಲ ಅಕ್ಕಾ, ಸೀದಾ ಇಲ್ಲಿಗೇ ಬರ್ತಿದ್ದೆವು' ಎಂದಳು.

ಮಂಟಪದವರಿಗೆ ಹೇಳಿದ್ದೆ. ಅಡುಗೆಯವರಿಗೆ ಹೇಳಿದ್ದೆ. ವಾಲಗದವರಿಗೆ, ಫೋಟೋದವನಿಗೆ ಹೇಳಿದ್ದೆ. ಪಾತ್ರೆ ತೊಳೆಯುವವರ ನಂಬರು ನನ್ನಲ್ಲಿ ಇರಲಿಲ್ಲ. ಅಡುಗೆಯವರು ಹೇಳಿಯಾರು ಎಂದುಕೊಂಡೆ. ನಾನು ಹೇಳಿಯೇನು ಎಂದು ಅವರು ಅಂದುಕೊಂಡರು. ನನ್ನ ಇಪ್ಪತ್ತು ಸಾವಿರಕ್ಕೆ ಊರೆಲ್ಲ ಕೇಳುವಂತೆ ಕೂಗಿದ ನಾನು, ಐದು ಜನರ ಒಂದೊಂದು ದಿನವನ್ನು ನುಂಗಿ ಕೂತಿದ್ದೆ. ಮಂಟಪದವನ ನಷ್ಟ ಸೊನ್ನೆ, ಅವನಿಗೆ ಸಿಕ್ಕಿದ್ದು ಇಪ್ಪತ್ತು ಸಾವಿರ. ಈ ಐವರ ನಷ್ಟ ಪೂರ್ತಿ ಒಂದು ದಿನದ ಸಂಬಳ, ಅವರಿಗೆ ಸಿಕ್ಕಿದ್ದು ಸೊನ್ನೆ.

ಯಾಕೆ ಹೀಗೆ? ಅವರ ಹತ್ತಿರ ರಸೀದಿ ಪುಸ್ತಕ ಇಲ್ಲ. ರದ್ದತಿ ಶುಲ್ಕ ಹುಟ್ಟುವುದು ನಷ್ಟದ ಹೊಟ್ಟೆಯಿಂದಲ್ಲ. ರಸೀದಿ ಪುಸ್ತಕ ಯಾರ ಕೈಯಲ್ಲಿದೆಯೋ ಅವರ ಬಲದಿಂದ. ಇದು ನನಗೆ ತಿಳಿದದ್ದು ಮಂಟಪದಲ್ಲಿ ಅಲ್ಲ, ಆ ಹೆಂಗಸಿನ ಬಾಳೆಹಣ್ಣಿನ ಎದುರು.

ಗೆಳೆಯರೆ, ನಮ್ಮ ಜನಕ್ಕೆ ಇದು ಹೊಸತೆ? ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ಮದ್ದು ಬಿಡುತ್ತಾರೆ. ನಾಳೆ ಬಾ ಎಂದು ಧಣಿ ಹೇಳಿರುತ್ತಾನೆ. ಬೆಳಗ್ಗೆ ಹೋಗಿ ನಿಂತರೆ ಮೋಡ ಕವಿದಿರುತ್ತದೆ. 'ಇವತ್ತು ಬೇಡ, ಮಳೆ ಬರ್ತದೆ, ಹೋಗು.' ಇದು ರದ್ದತಿ ಅಲ್ಲವೆ? ಇದಕ್ಕೆ ಶುಲ್ಕ ಕೇಳಿದವರುಂಟೆ? ಕೂಲಿಯವನಿಗೆ ಜ್ವರ ಬಂದರೆ ಆ ದಿನದ ಸಂಬಳ ಇಲ್ಲ. ಧಣಿಗೆ ಜ್ವರ ಬಂದು ಕೆಲಸ ನಿಂತರೂ ಕೂಲಿಯವನಿಗೇ ಸಂಬಳ ಇಲ್ಲ. ಯಾರ ಮೈ ಬಿಸಿಯಾದರೂ ಸುಡುವುದು ಒಂದೇ ಹೊಟ್ಟೆ.

ನಮ್ಮ ಅಜ್ಜ ಮೂಲದ ಆಳು. ಜ್ವರ ಬಂದು ಮಲಗಿದರೆ ಆ ದಿನದ ಅಕ್ಕಿ ಇಲ್ಲ. ಗಂಜಿಗೆಂದು ಧಣಿ ಮನೆಯಿಂದ ತಂದ ಅಕ್ಕಿ ಸಾಲದ ಲೆಕ್ಕಕ್ಕೆ ಎಂದು ಅವರು ಹೇಳುತ್ತಿದ್ದುದನ್ನು ಅಮ್ಮ ಈಗಲೂ ನೆನೆಯುತ್ತಾಳೆ. ಕಾಯಿಲೆಗೆ ದಂಡ, ದಂಡಕ್ಕೆ ಸಾಲ, ಸಾಲಕ್ಕೆ ಜೀತ. ೧೯೭೬ರ ಕಾಯ್ದೆ ಜೀತದ ಸಾಲವನ್ನು ಅಳಿಸಿತು. ಕಾಯಿಲೆ ಬಿದ್ದವನೇ ತಪ್ಪಿತಸ್ಥ ಎಂಬ ಆ ಹಳೆಯ ಲೆಕ್ಕ ಮಾತ್ರ ಅಳಿಯಲಿಲ್ಲ. ಸಣ್ಣ ಅಕ್ಷರವಾಗಿ ರಸೀದಿಯ ಕೆಳಗೆ ಹೋಗಿ ಕೂತಿತು.

ಇನ್ನೊಂದು ಮಾತು. ಕಾಯಿಲೆ ದೇವರು ಕೊಟ್ಟದ್ದು, ಅದಕ್ಕೆ ನಾವೇನು ಮಾಡುವುದು ಎನ್ನುತ್ತಾರೆ. ಇಲಿಜ್ವರ ದೇವರು ಕೊಡುವುದಲ್ಲ. ಇಲಿಯ ಮೂತ್ರ ಸೇರಿದ ನೀರಿನಲ್ಲಿ, ಕೆಸರಿನಲ್ಲಿ ಬರಿಗಾಲಿನಲ್ಲಿ ನಿಂತವರ ಒಡೆದ ಹಿಮ್ಮಡಿಯಿಂದ, ಗಾಯದಿಂದ ಅದು ಒಳಗೆ ಹೋಗುತ್ತದೆ. ಅಮ್ಮನಿಗೆ ಒಂದು ಜೊತೆ ಗಮ್‌ಬೂಟ್ಸ್ ಇದ್ದಿದ್ದರೆ ಈ ಜ್ವರ ಬಾರದೇ ಇರಬಹುದಿತ್ತು. ತೋಟ ಜ್ವರ ಕೊಟ್ಟಿತು, ಮಂಟಪ ದಂಡ ಹಾಕಿತು. ಜ್ವರ ಎಲ್ಲರಿಗೂ ಬರುತ್ತದೆ, ನಿಜ. ಎಲ್ಲರಿಗೂ ಸಮನಾಗಿ ಬರುವುದಿಲ್ಲ. ಆದ್ದರಿಂದ ಎಲ್ಲರಿಗೂ ಒಂದೇ ರೂಲ್ಸ್ ಎನ್ನುವುದು ಸಮಾನತೆಯಲ್ಲ.

ಇಡೀ ದೇಶವೇ ಕಾಯಿಲೆಯ ಭಯದಲ್ಲಿ ಬಾಗಿಲು ಹಾಕಿಕೊಂಡ ೨೦೨೦ನೇ ಇಸವಿಯನ್ನು ನೆನಪು ಮಾಡಿಕೊಳ್ಳಿ. ಲಾಕ್‌ಡೌನಿನಲ್ಲಿ ಮುಚ್ಚಿದ ಕಾರ್ಖಾನೆ, ಅಂಗಡಿಗಳ ಮಾಲೀಕರು ಕೆಲಸದವರಿಗೆ ಕಡಿತವಿಲ್ಲದೆ ಸಂಬಳ ಕೊಡಬೇಕೆಂದು ಮಾರ್ಚ್ ೨೯ರಂದು ಕೇಂದ್ರದ ಗೃಹ ಇಲಾಖೆ ಆದೇಶ ಮಾಡಿತು. ಮಾಲೀಕರು ಕೋರ್ಟಿಗೆ ಹೋದರು. ಮೇ ೧೮ಕ್ಕೆ ಆ ಆದೇಶವೇ ಇಲ್ಲವಾಯಿತು. ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ, ಇಬ್ಬರೂ ಕೂತು ಮಾತಾಡಿಕೊಳ್ಳಲಿ ಎಂದು ಜೂನ್ ೧೨ರಂದು ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷ ಅಕ್ಟೋಬರ್ ೧ರಂದು ಅದೇ ಕೋರ್ಟಿನಿಂದ ವಿಮಾನದ ಟಿಕೆಟಿನ ತೀರ್ಪು ಬಂತು. ಲಾಕ್‌ಡೌನಿನಲ್ಲಿ, ಲಾಕ್‌ಡೌನಿನ ದಿನಗಳ ಪ್ರಯಾಣಕ್ಕೆಂದು ತೆಗೆದ ಟಿಕೆಟಿನ ಹಣವನ್ನು ರದ್ದತಿ ಶುಲ್ಕ ಹಿಡಿಯದೆ ಪೂರ್ತಿ ಹಿಂತಿರುಗಿಸಬೇಕು. ಈ ತೀರ್ಪು ತಪ್ಪೆಂದು ನಾನು ಹೇಳುವುದಿಲ್ಲ. ಸರಿಯಾದ ತೀರ್ಪೇ. ಆದರೆ ನೋಡಿ: ಹಾರಬೇಕಿದ್ದವನ ಟಿಕೆಟಿಗೆ ತೀರ್ಪು, ದುಡಿಯಬೇಕಿದ್ದವನ ಸಂಬಳಕ್ಕೆ ಮಾತುಕತೆ.

ಹಾಗಾದರೆ ಆಗಬೇಕಾದದ್ದೇನು? ದಾರಿ ಇಲ್ಲದೆ ಇಲ್ಲ. ಬಾಬಾಸಾಹೇಬರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಕಾಲದಲ್ಲಿ, ೧೯೪೪ರಲ್ಲಿ, ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ಬಿ.ಪಿ. ಅಡಾರ್ಕರ್ ವರದಿ ಕೊಟ್ಟರು. ಅದರಿಂದ ೧೯೪೮ರ ಇಎಸ್‌ಐ ಕಾಯ್ದೆ ಬಂತು. ವಿಮೆಯಾದ ಕಾರ್ಮಿಕ ಕಾಯಿಲೆ ಬಿದ್ದರೆ ವರ್ಷಕ್ಕೆ ೯೧ ದಿನದವರೆಗೆ ಸಂಬಳದ ನೂರಕ್ಕೆ ೭೦ ಪಾಲು ಸಿಗುವ ವ್ಯವಸ್ಥೆ ಅದು. ಅದರ ಒಳಗಿನ ತತ್ವ ಸರಳ: ಕಾಯಿಲೆಯ ಭಾರವನ್ನು ಕಾಯಿಲೆಯವನ ತಲೆಯ ಮೇಲೆ ಮಾತ್ರ ಹೊರಿಸಬಾರದು, ಬಹಳ ಜನ ಸೇರಿ ಹೊರಬೇಕು. ನಮ್ಮ ಹಳ್ಳಿಯ ಮುಯ್ಯಾಳಿನಲ್ಲೂ ಇದೇ ಉಂಟು. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು.

ಈ ತತ್ವವನ್ನು ರಸೀದಿಗೆ ತಂದು ನೋಡಿ. ನೂರು ಗಿರಾಕಿ ಇರುವ ಮಂಟಪ, ಸಾವಿರಾರು ಗಿರಾಕಿ ಇರುವ ರೈಲು, ವಿಮಾನ ಕೆಲವರ ಜ್ವರದ ಭಾರವನ್ನು ಎಲ್ಲರ ದರದಲ್ಲಿ ಹಂಚಿ ಹೊರಬಲ್ಲವು. ಅವು ಕಾಯಿಲೆಯವನಿಂದ ದಂಡ ಕೀಳಬಾರದು. ದಿನ ಖಾಲಿಯೇ ಹೋಗಿದ್ದರೆ ಆದ ಖರ್ಚಿನ ಲೆಕ್ಕ ತೋರಿಸಿ ಅಷ್ಟನ್ನು ಕೇಳಲಿ. ಸುಳ್ಳು ಜ್ವರದ ಭಯವೆ? ಹತ್ತು ಸುಳ್ಳರಿಗಾಗಿ ನೂರು ರೋಗಿಗಳನ್ನು ಸುಲಿಯುವುದು ಯಾವ ಜಾಣತನ? ಆದರೆ ಒಂದೇ ಗಿರಾಕಿಯನ್ನು ನಂಬಿ ಒಂದು ದಿನವನ್ನು ಕೊಟ್ಟ ಪಾತ್ರೆ ತೊಳೆಯುವವಳು, ಆಟೋದವನು, ಕೊನೆ ಕೊಯ್ಯುವವನು ಯಾರ ಮೇಲೆ ಹಂಚಬೇಕು? ಅವರಿಗೆ ಹಂಚಲು ಜನ ಇಲ್ಲ. ಕರೆದವನಿಗೆ ಜ್ವರ ಬಂದರೂ, ಮಳೆ ಬಂದರೂ ಅವರ ದಿನಕ್ಕೆ ಬೆಲೆ ಕಟ್ಟಲೇಬೇಕು. ಕರೆದವನೂ ಬಡವನಾದರೆ ಅಡುಗೆಯವರು ಮಾಡಿದಂತೆ ಅರ್ಧ ಅರ್ಧ. ದೊಡ್ಡವನಿಗೆ ದಂಡ ಬೇಡ, ದುಡಿಯುವವನಿಗೆ ನಷ್ಟ ಬೇಡ. ಈಗ ನಡೆಯುತ್ತಿರುವುದು ಇದರ ತಲೆಕೆಳಗು.

ಅಮ್ಮ ಮನೆಗೆ ಬಂದ ಮೇಲೆ ಐದು ಜನರ ಒಂದು ದಿನದ ಸಂಬಳ ಹಿಡಿದುಕೊಂಡು ಆ ಹೆಂಗಸಿನ ಮನೆಗೆ ಹೋದೆ. ಅವಳು ದುಡ್ಡು ಮುಟ್ಟಲಿಲ್ಲ. 'ಕೆಲಸ ಮಾಡ್ಲಿಲ್ವಲ್ಲ, ಇದೆಂತಕ್ಕೆ?' ಎಂದಳು. ದಿನ ಹಾಳಾಯಿತಲ್ಲ ಎಂದೆ. 'ಮಂಟಪದವರು ನಿಮಗೆ ವಾಪಸ್ ಕೊಟ್ರಾ?' ಇಲ್ಲ ಎಂದೆ. 'ಹಾಗಾದ್ರೆ ನೀವ್ಯಾಕೆ ಕೊಡುದು?'

ಅವರು ಕೊಡಲಿಲ್ಲವೆಂದೇ ಕೊಡುವುದು ಎಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ. ದುಡ್ಡು ಎಣಿಸಿ ಐದು ಪಾಲು ಮಾಡಿದಳು. ದಂಡ ಕೇಳುವ ಹಕ್ಕು ತನಗೂ ಇತ್ತು ಎಂಬುದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ. ಅದು ಹೊಳೆಯುವವರೆಗೆ ಮಂಟಪದವನ ರಸೀದಿಯಲ್ಲಿ ಆ ಸಣ್ಣ ಅಕ್ಷರ ಅಳಿಯುವುದಿಲ್ಲ.