ವಶೀಲಿಯೂ ಪರಿಚಯವೂ

ಕಳೆದ ತಿಂಗಳು ಒಂದು ಸಂಜೆ ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಚಾಮರಾಜನಗರದ ಕಡೆಯ ಹುಡುಗ, ಬಿ.ಟಿ.ಎಂ. ಬಡಾವಣೆಯ ಒಂದು ಪಿ.ಜಿ.ಯಲ್ಲಿದ್ದುಕೊಂಡು ಕೆಲಸ ಹುಡುಕುತ್ತಿದ್ದಾನೆ. ಲಿಂಕ್ಡ್‌ಇನ್‌ನಲ್ಲಿ ನಲವತ್ತು ಮಂದಿಗೆ ಬರೆದಿದ್ದನಂತೆ. ಉತ್ತರ ಕೊಟ್ಟವರು ಐದು ಮಂದಿ. ಕಾಫಿ ಮುಗಿಯುವ ಹೊತ್ತಿಗೆ ಮೆಲ್ಲಗೆ ಕೇಳಿದ: “ಸಾರ್, ಗುರುತಿಲ್ಲದವರಿಗೆಲ್ಲ ಹೀಗೆ ಬರೀತಾ ಇರೋದು ಭಿಕ್ಷೆ ಬೇಡಿದ ಹಾಗಲ್ಲವೆ?”

ಏನೋ ಸಮಾಧಾನ ಹೇಳಿ ಕಳುಹಿಸಿದೆ. ಆದರೆ ಪ್ರಶ್ನೆ ನನ್ನ ಜೊತೆಯಲ್ಲೇ ಮನೆಗೆ ಬಂದಿತು.

ನಮ್ಮಲ್ಲಿ ಇದಕ್ಕೆ ಎರಡು ಮಾತುಗಳಿವೆ: ಪರಿಚಯ, ವಶೀಲಿ. ಪಕ್ಕದ ಮನೆಯವರ ಮಗನಿಗೆ ಕೆಲಸ ಸಿಕ್ಕಿದರೆ ಅದು ವಶೀಲಿ. ನಮ್ಮ ಮಗನಿಗೆ ಸಿಕ್ಕಿದರೆ ‘ಯಾರೋ ತಿಳಿದವರಿದ್ದರು’. ಈಗಿನ ಕಂಪನಿಗಳು ಈ ಸಂಕೋಚವನ್ನೂ ಕಳೆದಿವೆ. ಒಳಗಿರುವವನು ಹೊರಗಿರುವವನ ಹೆಸರನ್ನು ಸೂಚಿಸುವುದಕ್ಕೆ ‘ರೆಫರಲ್’ ಎಂದು ಹೆಸರು; ಅನೇಕ ಕಡೆ ಹಾಗೆ ಸೂಚಿಸಿದವನಿಗೆ ಬಹುಮಾನವೂ ಉಂಟು. ಹಳೆಯ ವಶೀಲಿಯೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದೆಯೋ ಏನೋ ಎಂಬ ಅನುಮಾನ ಯಾರಿಗಾದರೂ ಬರತಕ್ಕದ್ದೇ.

ಅಪರಿಚಿತರ ಬಾಗಿಲಲ್ಲಿ ನಿಲ್ಲುವುದು ಈ ನಾಡಿಗೆ ಹೊಸದಲ್ಲ. ಹಿಂದೆ ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಬಡ ಹುಡುಗರು ವಾರಾನ್ನ ಮಾಡಿ ಓದುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಮುಂದೆ ದೊಡ್ಡವರಾದ ಎಷ್ಟೋ ಮಂದಿ ಆ ಊಟವನ್ನು ನಾಚಿಕೆಯಿಲ್ಲದೆ, ಕೃತಜ್ಞತೆಯಿಂದ ನೆನೆದಿದ್ದಾರೆ. ಆದರೆ ಒಂದು ಮಾತನ್ನು ಮರೆಯಲಾಗದು: ಆ ಬಾಗಿಲುಗಳು ಹೆಚ್ಚಾಗಿ ತಮ್ಮ ಜಾತಿಯ ಹುಡುಗರಿಗೇ ತೆರೆಯುತ್ತಿದ್ದವು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಸಾಕಷ್ಟು ಸ್ಥಾನವಿಲ್ಲವೆಂಬ ದೂರನ್ನು ಪರಿಶೀಲಿಸಲು 1918ರಲ್ಲಿ ಮೈಸೂರು ಸರ್ಕಾರ ಮಿಲ್ಲರ್ ಸಮಿತಿಯನ್ನು ನೇಮಿಸಬೇಕಾಯಿತು. ಕೊರತೆ ಓದಿನದು ಮಾತ್ರವೆ? ಯಾವ ಕಚೇರಿಯಲ್ಲಿ ಜಾಗ ಖಾಲಿಯಾಗಿದೆ, ಅರ್ಜಿ ಹೇಗೆ ಬರೆಯಬೇಕು, ಯಾರನ್ನು ಕಾಣಬೇಕು ಎಂಬುದೆಲ್ಲ ಕೆಲವು ಮನೆಗಳಲ್ಲಿ ಊಟದ ಹೊತ್ತಿನ ಮಾತು. ಬಹಳ ಮನೆಗಳಲ್ಲಿ ಅದನ್ನು ಹೇಳಬಲ್ಲವರೇ ಇಲ್ಲ. ಪರಿಚಯವೂ ಪಿತ್ರಾರ್ಜಿತ ಆಸ್ತಿ. ಹೊಲವನ್ನಾದರೆ ಅಳೆಯಬಹುದು, ಹಂಚಬಹುದು. ಇದು ಯಾವ ಪಹಣಿಯಲ್ಲಿಯೂ ಕಾಣುವುದಿಲ್ಲ.

ಈ ಆಸ್ತಿಯಿಲ್ಲದವನಿಗೂ ಒಂದು ಭರವಸೆ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನವೊಂದು ಪ್ರಸಿದ್ಧವಾಗಿದೆ. ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನು ಅವನು ವಿಚಾರಿಸಿದ. ಆ ಪರಿಚಯದವರನ್ನು ಪದೇ ಪದೇ ಕಾಣುತ್ತಿದ್ದೆವೆಂದವರು ನೂರಕ್ಕೆ ಸುಮಾರು 17 ಮಂದಿ. ಉಳಿದವರೆಲ್ಲ ಅವರನ್ನು ಆಗೊಮ್ಮೆ ಈಗೊಮ್ಮೆ, ಇಲ್ಲವೆ ಅಪರೂಪಕ್ಕೆ ಕಂಡವರು. ಕಾರಣ ಸರಳ. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ದೂರದಿಂದ ಬರಬೇಕು. ಹತ್ತಿರದ ನಂಟು ಹುಟ್ಟಿನಿಂದ ಬರುವಂಥದು. ದೂರದ ಪರಿಚಯವನ್ನು ಸಂಪಾದಿಸಿಕೊಳ್ಳಬಹುದು.

ಹೇಗೆ ಸಂಪಾದಿಸಬೇಕೆಂಬುದರಲ್ಲಿ ನ್ಯಾಯ ಅನ್ಯಾಯದ ಪ್ರಶ್ನೆ ಇದೆ. 1913ರ ಜನವರಿಯಲ್ಲಿ ಮದರಾಸು ಬಂದರಿನ ಕಚೇರಿಯ ಗುಮಾಸ್ತೆ ರಾಮಾನುಜನ್, ಎಂದೂ ಕಾಣದ ಕೇಂಬ್ರಿಜ್ಜಿನ ಹಾರ್ಡಿಗೆ ಕಾಗದ ಬರೆದರು. ಅದರೊಡನೆ ಪುಟಗಟ್ಟಲೆ ಪ್ರಮೇಯಗಳನ್ನು ಕಳುಹಿಸಿ, ದಯವಿಟ್ಟು ನೋಡಿ ಎಂದರು. ಅಂಥ ಪ್ರತಿಭೆ ಎಲ್ಲರಿಗೂ ಎಲ್ಲಿಂದ ಬಂದೀತು? ಆದರೆ ಆ ಕ್ರಮ ಎಲ್ಲರಿಗೂ ದಕ್ಕುವಂಥದು. ‘ಇದನ್ನು ನಾನು ಮಾಡಿದ್ದೇನೆ, ಎಲ್ಲಿ ತಪ್ಪಿದೆ ಹೇಳುತ್ತೀರಾ?’ ಎಂದು ಕೇಳುವವನು ತನ್ನ ಕೆಲಸವನ್ನು ಮುಂದಿಟ್ಟು ಹೆಸರನ್ನು ಹಿಂದೆ ನಿಲ್ಲಿಸುತ್ತಾನೆ. ‘ನನ್ನ ಹೆಸರನ್ನೊಂದಿಷ್ಟು ಹೇಳಿಬಿಡಿ’ ಎನ್ನುವವನು, ಗೊತ್ತಿಲ್ಲದುದನ್ನು ಗೊತ್ತೆಂದು ಹೇಳಲು ಇನ್ನೊಬ್ಬನನ್ನು ಎಳೆಯುತ್ತಾನೆ. ವಶೀಲಿ ಶುರುವಾಗುವುದು ಅಲ್ಲಿ.

ಇಷ್ಟು ಬರೆದು, ಹುಡುಗನಿಗೆ ಬುದ್ಧಿ ಹೇಳಿದಂತಾಯಿತೆಂದು ತೃಪ್ತಿಪಡುವ ಹಾಗಿಲ್ಲ. ಇಪ್ಪತ್ತು ವರ್ಷದ ಹಿಂದೆ ನನಗೆ ಮೊದಲ ಕೆಲಸ ಸಿಕ್ಕಿದ್ದು ಹೇಗೆ? ಕಾಲೇಜೊಂದರಲ್ಲಿ ಜಾಗವಿದೆಯೆಂದು ನನ್ನ ಗುರುಗಳು ಹೇಳಿದರು. ತಾವೇ ಜೊತೆಗೆ ಬಂದು ಪ್ರಾಂಶುಪಾಲರಿಗೆ ಪರಿಚಯಿಸಿದರು. ಇಷ್ಟು ದಿನವೂ ಅದನ್ನು ನನ್ನ ಯೋಗ್ಯತೆ ಎಂದೇ ತಿಳಿದಿದ್ದೆ. ಯೋಗ್ಯತೆ ಇರಲಿಲ್ಲವೆಂದಲ್ಲ. ಆದರೆ ಎಂ.ಎ.ಯಲ್ಲಿ ನನಗಿಂತ ಹೆಚ್ಚು ಅಂಕ ಪಡೆದ ಸಹಪಾಠಿಯೊಬ್ಬನಿದ್ದ. ಅವನಿಗೆ ಯಾರೂ ಸುದ್ದಿ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಆದ್ದರಿಂದ ಆ ಹುಡುಗನ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಬಾಗಿಲ ಹೊರಗೆ ನಿಂತವರಲ್ಲ, ಒಳಗೆ ಕುಳಿತ ನಾವು. ಕೇಳಿದವನ ಮಾತು ಭಿಕ್ಷೆಯಾಗುವುದೋ ಸಂಭಾಷಣೆಯಾಗುವುದೋ ಉತ್ತರ ಕೊಡುವವನ ಮೇಲೆ ನಿಂತಿದೆ. ವಾರಾನ್ನ ಹಾಕಿದ ಗೃಹಿಣಿಯರು ಹುಡುಗನಿಗೆ ರ‍್ಯಾಂಕು ಕೊಡಿಸಲಿಲ್ಲ. ಎಲೆ ಹಾಕಿದರು, ಅಷ್ಟೆ. ಓದು ಅವನ ಪಾಲಿನದು. ಇಂದು ಆ ಎಲೆಯನ್ನು ಜಾತಿ ಕೇಳದೆ ಹಾಕಲು ಸಾಧ್ಯವಾಗಿದೆ.

ಆ ರಾತ್ರಿ ನನ್ನ ಫೋನನ್ನು ತೆರೆದು ನೋಡಿದೆ. ಹಳೆಯ ವಿದ್ಯಾರ್ಥಿಗಳಿಬ್ಬರ ಸಂದೇಶಗಳು ಉತ್ತರವಿಲ್ಲದೆ ತಿಂಗಳುಗಟ್ಟಲೆ ಬಿದ್ದಿದ್ದವು. ಒಬ್ಬಳಿಗೆ ಬೇಕಾದ ವಿಷಯವನ್ನು ಆಗಲೇ ತಿಳಿಸಿದೆ. ಇನ್ನೊಬ್ಬ ಪತ್ರಿಕೆಯ ಕೆಲಸಕ್ಕೆ ಶಿಫಾರಸು ಕೇಳಿದ್ದ; ಅವನ ಮುಖವೇ ನನಗೆ ನೆನಪಿರಲಿಲ್ಲ. ‘ನೀನು ಬರೆದಿರುವುದನ್ನು ಕಳುಹಿಸು, ಓದುತ್ತೇನೆ’ ಎಂದು ಬರೆದೆ. ಮಾರನೆಯ ಬೆಳಗ್ಗೆ ಹನ್ನೆರಡು ಪುಟ ಬಂದಿದ್ದವು.